ತೊಲೆರಾಯರು ಮರದ ವಯಸ್ಸು ಕೇಳಿದ್ದು

ತೊಲೆರಾಯರಿಗೆ ಆ ಹೆಸರನ್ನು ಅಪ್ಪ ಅಮ್ಮ ಇಟ್ಟದ್ದಲ್ಲ. ಬಹಳ ವರ್ಷ ಹೆಂಡತಿಯ ಅಣ್ಣನ ಕೊಡೆ ಅಂಗಡಿಯಲ್ಲಿ ನಿಂತು, ಗಿರಾಕಿಯ ಮುಂದೆ ಕೊಡೆ ಬಿಚ್ಚುವುದು, ಗಿರಾಕಿ ಮೂಗು ಮುರಿದರೆ ಮಡಿಸಿಡುವುದು, ಇದೇ ಕೆಲಸ ಮಾಡಿ ಮಾಡಿ ತಲೆ ಚಿಟ್ಟು ಹಿಡಿದು, ಒಂದು ದಿನ ಅಂಗಡಿಯಿಂದ ಇಳಿದು ಬಂದು ಹಳೆಯ ಮರದ ವ್ಯಾಪಾರಕ್ಕೆ ಕೈ ಹಾಕಿದಾಗ ಬೀದಿಯವರು ಇಟ್ಟದ್ದು. ಅವತ್ತು ಭಾವನವರು ಜಗಳವಾಡಲಿಲ್ಲ, ಬೈಯಲೂ ಇಲ್ಲ. "ಹೋಗಿ ಬನ್ನಿ," ಅಂದರು ಅಷ್ಟೇ. ಆ 'ಬನ್ನಿ' ಅನ್ನುವುದು ರಾಯರ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತ್ತು.

ಹಳೆಯ ಮರದ ವ್ಯಾಪಾರ ಅಂದರೆ ಕಟ್ಟಡಗಳು ಬೀಳುವುದನ್ನು ಕಾಯುವ ಕೆಲಸ. ಗೋದಾಮೋ ಗಿರಣಿಯೋ ಕೆಡವುತ್ತಾರೆ ಎಂಬ ಸುದ್ದಿ ಬಂದರೆ ಸಾಕು, ರಾಯರು ಹೆಗಲಿಗೆ ಟವೆಲು ಹಾಕಿಕೊಂಡು ಅಲ್ಲಿ ಹಾಜರು. ಚಾವಣಿಯ ತೊಲೆಗಳು ಕಲ್ಲುಮಣ್ಣಿನ ಪಾಲಾಗುವ ಮೊದಲು ಎತ್ತಿ ತರಬೇಕು, ಮೊಳೆ ಕೀಳಬೇಕು, ಸೀಳಿ ಉಜ್ಜಿ ಮಾರಬೇಕು. ಅದೇನು ಇವತ್ತಿನ ಮರವೇ? ಮನುಷ್ಯರ ಕಾಲು ಬೀಳದ ಕಾಡಿನಲ್ಲಿ, ಯಾವ ಅವಸರವೂ ಇಲ್ಲದೆ ಬೆಳೆದ ಮರ. ಒಳಗಿನ ಉಂಗುರಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ, ಉಗುರು ಇಳಿಯುವುದಿಲ್ಲ. ಅಂಥದ್ದು ಈಗ ಬೇಕಾದರೆ ಕಾಡಿಗೆ ಹೋಗಿ ಪ್ರಯೋಜನವಿಲ್ಲ, ಹಳೆಯ ಚಾವಣಿಗೇ ಕೈ ಹಾಕಬೇಕು. ಇಷ್ಟನ್ನೂ ರಾಯರು ಕೇಳಿದವರಿಗೆ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ಮರ ಪೇರಿಸಿಡಲು ಪಕ್ಕದ ಮನೆಯ ಮೇಷ್ಟ್ರು ತಮ್ಮ ಹಿತ್ತಲನ್ನು ಕೊಟ್ಟಿದ್ದರು. ಮೇಷ್ಟ್ರು ಶಾಲೆಯಿಂದ ನಿವೃತ್ತರಾದವರು, ಬಾಯಿಮಾತಿನ ಮನುಷ್ಯ. ಅವರ ಮನಸ್ಸು ನೆಟ್ಟಗಿರುವ ತನಕ ಹಿತ್ತಲು ರಾಯರದು. ಮನಸ್ಸು ಕೆಟ್ಟರೆ ಅಷ್ಟುದ್ದದ ತೊಲೆಗಳನ್ನು ಮಲಗಿಸಲು ಆ ಊರಿನಲ್ಲಿ ಇನ್ನೊಂದು ಜಾಗವಿರಲಿಲ್ಲ, ಮತ್ತೆ ಕೊಡೆ ಅಂಗಡಿಯೇ ಗತಿ.

ಈ ವ್ಯಾಪಾರದ ಶತ್ರು ಮೊಳೆ. ಒಳಗೆ ಮುರಿದು ಕೂತ ಒಂದು ಮೊಳೆ ಇದ್ದರೂ ಸಾಮಿಲ್ಲಿನ ಗರಗಸದ ಹಲ್ಲು ಉದುರುತ್ತದೆ, ಸಾಮಿಲ್ಲಿನವನ ಬಾಯಿ ತೆರೆದುಕೊಳ್ಳುತ್ತದೆ. ಅದಕ್ಕೆಂದು ರಾಯರು ಮೊಳೆ ಹುಡುಕುವ ಮಷೀನೊಂದನ್ನು ತಂದಿದ್ದರು. ಉದ್ದನೆಯ ಕೋಲು, ತುದಿಗೊಂದು ತಟ್ಟೆ, ಕಿವಿಗೆ ಹೆಡ್‌ಫೋನು. ತಟ್ಟೆಯನ್ನು ಮರದ ಮೇಲೆ ಆಡಿಸಿದರೆ ಕಬ್ಬಿಣ ಇರುವಲ್ಲಿ ಕುಂಯ್ ಅನ್ನುತ್ತದೆ. ಕುಂಯ್ ಅಂದಲ್ಲಿ ರಾಯರು ಸೀಮೆಸುಣ್ಣದಿಂದ ಗುಂಡಗೆ ಗೀಚುತ್ತಾರೆ, ಹೆಂಡತಿ ಹಿಂದಿನಿಂದ ಇಕ್ಕಳ ಹಿಡಿದು ಬಂದು ಕೀಳುತ್ತಾಳೆ. ಕಷ್ಟದ ಪಾಲು ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಹಳೆಯ ಗಿರಣಿಯಿಂದ ಆರು ದೊಡ್ಡ ತೊಲೆಗಳು ಬಂದಿಳಿದ ಮಾರನೆಯ ದಿನ ರಾಯರು ಹೆಡ್‌ಫೋನು ಏರಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ತಟ್ಟೆ ಆಡಿಸುತ್ತಿದ್ದಾಗ ಬಾಗಿಲಲ್ಲಿ ಕಾರು ನಿಂತಿತು. ಇಳಿದವರು ಊರಾಚೆ ಹೋಟೆಲು ಕಟ್ಟಿಸುತ್ತಿದ್ದ ಹೆಂಗಸು, ಬೀದಿಯವರ ಬಾಯಲ್ಲಿ ಹೋಟೆಲಮ್ಮ. ಆಕೆ ಹತ್ತಿರ ಬಂದು, ಕಪ್ಪು ಕನ್ನಡಕ ತೆಗೆದು, ಮೆಲ್ಲಗೆ ಕೇಳಿದರು.

"ಏನ್ ಕೇಳಿಸ್ಕೊಳ್ತಾ ಇದ್ದೀರಿ?"

ಮೊಳೆ ಅನ್ನಬಹುದಿತ್ತು. ಎರಡೇ ಅಕ್ಷರ. ಆದರೆ ಅರ್ಧ ಆಯುಸ್ಸು ಕೊಡೆ ಬಿಚ್ಚಿ ಮಡಿಸಿದ ಮನುಷ್ಯ, ತಲೆಯ ಮೇಲೆ ಹೆಡ್‌ಫೋನು, ಎದುರಿಗೆ ಕಾರಿನಲ್ಲಿ ಬಂದ ಗಿರಾಕಿ. ಮೊಳೆ ಅನ್ನಲು ನಾಲಿಗೆ ಹೊರಳಲಿಲ್ಲ.

"ವಯಸ್ಸು," ಅಂದರು ರಾಯರು.

"ಮರದ್ದಾ?"

"ಹ್ಞೂಂ. ಸ್ವಲ್ಪ ಸುಮ್ನಿರಿ, ಲೆಕ್ಕ ತಪ್ಪುತ್ತೆ."

ಹೋಟೆಲಮ್ಮ ಉಸಿರು ಬಿಗಿಹಿಡಿದು ನಿಂತರು. ರಾಯರು ತಟ್ಟೆಯನ್ನು ಇನ್ನೆರಡು ಮೊಳ ಆಡಿಸಿ, ಹೆಡ್‌ಫೋನು ಕೆಳಗಿಳಿಸಿ, ಹಣೆ ಒರೆಸಿಕೊಂಡರು.

"ಇನ್ನೂರ ಮೂವತ್ತು," ಅಂದರು. "ಈ ಬದಿ. ಆ ಬದಿ ಇನ್ನೂ ಸ್ವಲ್ಪ ಹಿರೀದು."

ಮರದ ವಯಸ್ಸು ತಿಳಿಯಬೇಕಾದರೆ ತುದಿಯ ಉಂಗುರ ಎಣಿಸಬೇಕು. ಗಿರಣಿಯವರು ತುದಿಗೆಲ್ಲ ಡಾಂಬರು ಮೆತ್ತಿದ್ದರು. ಕೆರೆದು ಎಣಿಸಿದ್ದರೆ ನಿಜವಾಗಿಯೂ ಅಷ್ಟೇ ಬರುತ್ತಿತ್ತೋ ಏನೋ, ಆ ತೊಂದರೆಯನ್ನು ರಾಯರು ತೆಗೆದುಕೊಳ್ಳಲಿಲ್ಲ. ಹೋಟೆಲಮ್ಮ ಆರು ತೊಲೆಗಳನ್ನೂ ತಮ್ಮ ಊಟದ ಹಜಾರದ ಚಾವಣಿಗೆ ಇಡಿಯಾಗಿಯೇ ಬೇಕೆಂದರು. ಸೀಳಬೇಡಿ, ಉಜ್ಜಬೇಡಿ, ಮುಂದಿನ ವಾರ ಲಾರಿ ತರುತ್ತೇನೆ ಎಂದು ಹೇಳಿ, ಹೋಗುವಾಗ ತೊಲೆಗೆ ಕೈ ಮುಗಿದು ಹೋದರು.

"ರೀ," ಅಂದಳು ಹೆಂಡತಿ, "ಮಷೀನಿಗೆ ವಯಸ್ಸು ಯಾವಾಗಿಂದ ಗೊತ್ತಾಗೋಕೆ ಶುರುವಾಯ್ತು?"

"ವ್ಯಾಪಾರ ಅಂದ್ಮೇಲೆ ಒಂದು ಮಾತು ಹೆಚ್ಚು ಕಡಿಮೆ ಇರುತ್ತೆ ಕಣೇ."

"ಅಣ್ಣನ ಅಂಗಡೀಲಿ ಕೊಡೆಗೂ ಹೀಗೇ ಹೇಳಿದ್ದಿದ್ರೆ ಇಷ್ಟೊತ್ತಿಗೆ ನೀವು ಪಾಲುದಾರರಾಗಿರ್ತಿದ್ರಿ."

ಹೋಟೆಲಮ್ಮನ ಡ್ರೈವರು ಚಹಾದಂಗಡಿಯಲ್ಲಿ ಬಾಯಿ ಬಿಟ್ಟ. ಮರುದಿನ ಬೆಳಗಾಗುವಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಅರ್ಧ ಬೀದಿ ಮಂಚ, ತೊಟ್ಟಿಲು, ಕುರ್ಚಿಗಳನ್ನು ಹೊತ್ತು ನಿಂತಿತ್ತು. ಎಲ್ಲರಿಗಿಂತ ಮುಂದೆ ತರಕಾರಿಯಮ್ಮ. ಆಕೆ ತಂದದ್ದು ತಾನು ಕೂತು ತರಕಾರಿ ಮಾರುವ ಬೆಂಚು. ಸಾಮಾನು ತುಂಬಿ ಬಂದ ಪೆಟ್ಟಿಗೆಯ ಹಲಗೆಗಳನ್ನು ಯಾರೋ ಬಡಿದು ಕೂಡಿಸಿದ್ದು. ಅಲ್ಲಾಡಿದಾಗಲೆಲ್ಲ ಆಕೆಯ ಅಳಿಯ ಇನ್ನೊಂದು ಹಿಡಿ ಮೊಳೆ ಹೊಡೆದು ಹೊಡೆದು ಅದರಲ್ಲಿ ಮರಕ್ಕಿಂತ ಕಬ್ಬಿಣವೇ ಹೆಚ್ಚಾಗಿತ್ತು.

"ನೀವೊಬ್ರೇ ಕೇಳಿದ್ರೆ ಆಗಲ್ಲ, ನಮಗೂ ಕೇಳಿಸಿ," ಎಂದರು ಜನ. ರಾಯರು ಹೆಡ್‌ಫೋನಿನ ವೈರು ಕಿತ್ತರು. ತಟ್ಟೆ ಬೆಂಚಿನ ಮೇಲೆ ಬಂದದ್ದೇ ತಡ, ಮಷೀನು ಕಿಟಾರನೆ ಕಿರುಚಿಕೊಂಡಿತು. ತರಕಾರಿಯಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಎಷ್ಟಂತೆ?" ಯಾರೋ ಕೇಳಿದರು.

"ನಾನೂರರ ಹತ್ತಿರ," ಅಂದರು ರಾಯರು. ಆ ಕಿರುಚಾಟಕ್ಕೆ ಅದಕ್ಕಿಂತ ಕಡಿಮೆ ಹೇಳಲು ಅವರಿಗೆ ಧೈರ್ಯವಾಗಲಿಲ್ಲ.

ಅವತ್ತಿನಿಂದ ತರಕಾರಿಯಮ್ಮ ಬೆಂಚಿನ ಮೇಲೆ ಒಗೆದ ಬಟ್ಟೆ ಹೊದಿಸಿ, ದಿನವಿಡೀ ನಿಂತುಕೊಂಡೇ ವ್ಯಾಪಾರ ಮಾಡತೊಡಗಿದಳು. ಶಬ್ದ ಹೆಚ್ಚಾದಷ್ಟೂ ಮರ ಹಳೆಯದು ಎಂಬ ಸೂತ್ರವನ್ನು ರಾಯರು ಯಾರಿಗೂ ಹೇಳಿಕೊಡಲಿಲ್ಲ. ಜನ ತಾವೇ ಕಂಡುಹಿಡಿದುಕೊಂಡರು.

ಅದೇ ದಿನ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಆಳುಗಳ ಕೈಯಲ್ಲಿ ಮೇಷ್ಟ್ರ ಮೇಜು ಬಂತು. ಅವರ ತಾತ ಕೂತು ಬರೆದ ಮೇಜು. ಪಾಲಾಗುವಾಗ ಮನೆ ಸಾಮಾನನ್ನೆಲ್ಲ ತಮ್ಮನಿಗೆ ಬಿಟ್ಟು, ಮೇಷ್ಟ್ರು ಇದೊಂದನ್ನೇ ಇಟ್ಟುಕೊಂಡಿದ್ದರು. ಬೀದಿಯಲ್ಲಿ ಆ ಕಥೆ ಕೇಳಿ ಆಕಳಿಸದವರಿರಲಿಲ್ಲ.

"ನಾನೂರು ಬೇಡ," ಅಂದರು ಮೇಷ್ಟ್ರು ವಿನಯದಿಂದ. "ನೂರೈವತ್ತು ಬಂದ್ರೆ ಸಾಕು."

ರಾಯರು ತಟ್ಟೆ ಆಡಿಸಿದರು. ಸದ್ದಿಲ್ಲ. ಈ ಕಾಲು, ಆ ಕಾಲು, ಮೇಲ್ಹಲಗೆ, ಡ್ರಾಯರು. ಮಷೀನು ಬಾಯಿ ಹೊಲಿದುಕೊಂಡ ಹಾಗೆ ಕೂತಿತ್ತು. ರಾಯರು ಬಗ್ಗಿ ಅಡಿಯಿಂದ ನೋಡಿದರು. ಒಂದೇ ಒಂದು ಮೊಳೆಯಿಲ್ಲ. ಮರಕ್ಕೆ ಮರವನ್ನೇ ಕಚ್ಚಿಸಿ ಕೂರಿಸಿದ ಕೆಲಸ, ಕೂಡಿಸಿದಲ್ಲಿ ಕೂದಲು ತೂರುವಷ್ಟೂ ಸಂದಿಲ್ಲ. ಅವತ್ತು ಆ ಹಿತ್ತಲಿಗೆ ಬಂದ ಸಾಮಾನುಗಳಲ್ಲಿ ನಿಜವಾಗಿ ಹಳೆಯದು, ನಿಜವಾಗಿ ಒಳ್ಳೆಯದು ಅದೊಂದೇ. ಆದರೆ ಅದನ್ನು ಹೇಳಬೇಕಾದರೆ ಮಷೀನು ಕೇಳುವುದು ಏನನ್ನು ಎಂದೂ ಹೇಳಬೇಕಾಗುತ್ತಿತ್ತು.

"ಹೊಸದು ಕಣ್ರೀ," ಎಂದಿತು ಗುಂಪಿನಿಂದ ಒಂದು ದನಿ. "ಮೊನ್ನೆ ಮೊನ್ನೆ ಮಾಡಿದ್ದು," ಎಂದಿತು ಇನ್ನೊಂದು.

"ತೊಲೆರಾಯರೇ, ನೀವು ಹೇಳಿ," ಅಂದರು ಮೇಷ್ಟ್ರು.

"ಬ್ಯಾಟರಿ ಸ್ವಲ್ಪ…"

"ತರಕಾರಿಯಮ್ಮನ ಬೆಂಚಿಗೆ ಇದ್ದ ಬ್ಯಾಟರಿ ನಮ್ಮ ತಾತನ ಮೇಜಿಗೆ ಇಲ್ವಾ?"

ರಾಯರು ತಲೆ ತಗ್ಗಿಸಿದರು. ಮೇಷ್ಟ್ರು ಅಲ್ಲೇ ನಿಂತು ತಮ್ಮನಿಗೆ ಫೋನು ಮಾಡಿ, "ಅಸಲಿ ಮೇಜು ಎಲ್ಲಿಟ್ಟಿದ್ದೀಯೋ?" ಎಂದು ಕೇಳಿದರು. ಆ ಕಡೆಯಿಂದ ಬಂದ ಉತ್ತರವನ್ನು ಬರೆಯುವ ಹಾಗಿಲ್ಲ. ಇಷ್ಟು ವರ್ಷ ಹಬ್ಬ ಹರಿದಿನಗಳಲ್ಲಿ ಒಂದೇ ಎಲೆಗೆ ಕೈ ಹಾಕುವಷ್ಟು ಅನ್ಯೋನ್ಯವಾಗಿದ್ದ ಅಣ್ಣತಮ್ಮಂದಿರ ಮಾತು ಅವತ್ತಿಗೆ ನಿಂತಿತು. ಫೋನು ಇಟ್ಟ ಮೇಷ್ಟ್ರು ರಾಯರ ಕಡೆ ತಿರುಗಿದರು.

"ಈ ತಿಂಗಳ ಕೊನೆಗೆ ಹಿತ್ತಲು ಖಾಲಿ ಮಾಡಿಕೊಡಿ. ನಿಮ್ಮದೇನೂ ತಪ್ಪಿಲ್ಲ, ಇದ್ದದ್ದು ಹೇಳಿದ್ರಿ. ಆದ್ರೆ ಇದ್ದದ್ದು ಹೇಳಿದವರ ಮುಖಾನ ದಿನಾ ಬೆಳಿಗ್ಗೆ ಎದ್ದು ನೋಡೋ ಶಕ್ತಿ ನನಗಿಲ್ಲ."

ಸಂಜೆ ರಾಯರು ಮಾನ ಮರ್ಯಾದೆ ಪಕ್ಕಕ್ಕಿಟ್ಟು ಮೇಷ್ಟ್ರ ಜಗುಲಿಗೆ ಹೋದರು. ಅದು ಬರೀ ಮೊಳೆ ಹುಡುಕುವ ಮಷೀನು, ವಯಸ್ಸು ಗಿಯಸ್ಸು ಎಲ್ಲ ಬುರುಡೆ, ನಿಮ್ಮ ಮೇಜು ಅಪ್ಪಟ ಹಳೆಯದು ಎಂದು ಕೈಹಿಡಿದು ಹೇಳಿದರು. ಮೇಷ್ಟ್ರ ಕಣ್ಣು ತೇವವಾಯಿತು.

"ನನ್ನ ಸಮಾಧಾನಕ್ಕೆ ನಿಮ್ಮ ವಿದ್ಯೆಯನ್ನೇ ಹಳಿದುಕೊಳ್ತಿದ್ದೀರಲ್ಲ, ದೊಡ್ಡ ಮನಸ್ಸು ನಿಮ್ಮದು," ಅಂದರು. "ಆದ್ರೂ ತಿಂಗಳ ಕೊನೆಗೆ ಖಾಲಿ ಮಾಡಿ."

ಹೀಗೆ ರಾಯರು ಸುಳ್ಳು ಹೇಳಿದಾಗ ಊರಿಗೆ ಊರೇ ನಂಬಿತು, ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. ಈ ಸ್ಥಿತಿ ದೊಡ್ಡ ದೊಡ್ಡವರಿಗೂ ಬಂದಿರುವುದುಂಟು, ಆದರೆ ಅವರಿಗೆ ಕೊಡೆ ಅಂಗಡಿಯ ಭಯವಿರುವುದಿಲ್ಲ.

ಎರಡು ದಿನ ಬಿಟ್ಟು ಪುರಸಭೆಯ ಅಧಿಕಾರಿ ಬಂದರು. ಹಿಂದೆ ಇಬ್ಬರು ಜವಾನರು, ಒಬ್ಬನ ಕೈಯಲ್ಲಿ ಕೆಂಪು ಪಟ್ಟಿ, ಇನ್ನೊಬ್ಬನ ಕೈಯಲ್ಲಿ ಅರಗು. ನೂರು ವರ್ಷ ದಾಟಿದ ವಸ್ತುಗಳೆಲ್ಲ ಊರಿನ ಆಸ್ತಿ, ಕದಲಿಸುವ ಹಾಗಿಲ್ಲ, ಮಾರುವ ಹಾಗಿಲ್ಲ ಎಂದು ಅಧಿಕಾರಿ ಹೇಳಿ ಮುಗಿಸುವಷ್ಟರಲ್ಲಿ ಆರೂ ತೊಲೆಗಳಿಗೆ ಪಟ್ಟಿ ಸುತ್ತಿಯಾಗಿತ್ತು.

"ಸಾರ್, ಅದು ವಯಸ್ಸಲ್ಲ, ಮೊಳೆ," ಅಂದರು ರಾಯರು.

"ನಿಯಮ ತಪ್ಪಿಸ್ಕೊಳ್ಳೋಕೆ ಎಲ್ರೂ ಏನಾದ್ರೂ ಹೇಳ್ತಾರೆ. ಆಡಿಸಿ ನೋಡೋಣ."

ಆಡಿಸಿದರು. ಕುಂಯ್ ಅಂದಿತು. ಅಧಿಕಾರಿ ತಲೆದೂಗಿದರು. ಆಗ ರಾಯರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಗೀಚಿದ ಕಡೆಯೆಲ್ಲ ಇಕ್ಕಳ ಹಾಕಿ, ಒಂದೊಂದೇ ಮೊಳೆ ಕಿತ್ತು ಅಧಿಕಾರಿಯ ಬೂಟಿನ ಹತ್ತಿರ ಬಿಸಾಡಿ, "ಈಗ ಆಡಿಸಿ," ಅಂದಳು. ರಾಯರು ತೊಲೆಯ ಈ ತುದಿಯಿಂದ ಆ ತುದಿಯವರೆಗೂ ತಟ್ಟೆ ಆಡಿಸಿದರು. ಮಷೀನು ಉಸಿರೆತ್ತಲಿಲ್ಲ. ಗೆದ್ದೆವು ಎಂದುಕೊಂಡು ಇಬ್ಬರೂ ಅಧಿಕಾರಿಯ ಮುಖ ನೋಡಿದರು.

ಅಧಿಕಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಕೊಂದ್ಬಿಟ್ರಲ್ಲಮ್ಮ," ಅಂದರು. "ಇಷ್ಟೊತ್ತು ಮಾತಾಡ್ತಾ ಇತ್ತು. ನನ್ನ ಕಣ್ಣೆದುರಿಗೇ ನರ ನರ ಕಿತ್ತು ಸಾಯಿಸಿಬಿಟ್ರಿ."

"ಸ್ವಾಮಿ, ಅದು ಮೊಳೆ. ನೋಡಿ, ತುಕ್ಕು ಹಿಡಿದ ಮೊಳೆ."

"ಅಷ್ಟು ವರ್ಷದಿಂದ ಒಳಗಿದ್ದದ್ದನ್ನ ಹೊರಗೆಳೆದ್ರೆ ಪ್ರಾಣ ಉಳಿಯುತ್ತಾ? ನಿಮಗೆ ಎಳೆದ್ರೆ ಉಳೀತೀರಾ?"

ರಾಯರು ಬಗ್ಗಿ ಬಿದ್ದ ಮೊಳೆಗಳನ್ನು ಆಯತೊಡಗಿದರು. ಹೆಂಡತಿಗೆ ಮಾತ್ರ ಬೇರೆಯೇ ತೋಚಿತು.

"ಸತ್ತದ್ದೂ ಊರಿನ ಆಸ್ತಿನೇನಾ?" ಎಂದು ಕೇಳಿದಳು.

ಅಧಿಕಾರಿ ಯೋಚಿಸಿದರು. ನಿಯಮದಲ್ಲಿ ಸತ್ತದ್ದರ ಮಾತಿರಲಿಲ್ಲ. "ಸತ್ತದ್ದನ್ನ ಇಟ್ಕೊಂಡು ನಾವೇನು ಮಾಡೋಣ? ಎತ್ಕೊಂಡು ಹೋಗಿ," ಅಂದರು.

"ಹಾಗಾದ್ರೆ ಅಲ್ಲಿ ಕೂತಿರಿ, ಚಹಾ ಕೊಡ್ತೀನಿ. ಮಿಕ್ಕ ಐದನ್ನೂ ಸಾಯಿಸಿಬಿಡ್ತೀನಿ."

ಅಧಿಕಾರಿ ಚಹಾಕ್ಕೆ ಕಾಯಲಿಲ್ಲ. ತಾವು ಏನನ್ನೂ ನೋಡಿಲ್ಲವೆಂದು ಜವಾನರಿಗೆ ಹೇಳಿ, ಜವಾನರೂ ನೋಡಿಲ್ಲವೆಂದು ಅವರಿಂದ ಹೇಳಿಸಿಕೊಂಡು ಹೊರಟುಹೋದರು.

ಹೋಟೆಲಮ್ಮನ ಲಾರಿ ಬಂದಾಗ ಆರೂ ತೊಲೆಗಳು ಸತ್ತು ಮಲಗಿದ್ದವು. ಸುದ್ದಿ ಅವರಿಗೆ ದಾರಿಯಲ್ಲೇ ಸಿಕ್ಕಿತ್ತು. "ಸತ್ತ ಮರದ ಕೆಳಗೆ ಜನ ಹೇಗೆ ಊಟ ಮಾಡ್ತಾರೆ? ನನಗೆ ಬೇಡ," ಅಂದರು.

"ಬದುಕಿಸಿ ಕೊಡ್ತೀವಮ್ಮ," ಅಂದಳು ರಾಯರ ಹೆಂಡತಿ, ಕಣ್ಣು ಮಿಟುಕಿಸದೆ. "ಮೊದಲು ನಿಮ್ಮ ಹೋಟೆಲಿಗೆ ಹೋಗಲಿ. ಅಲ್ಲಿ ಬಂದು ನಮ್ಮೆಜಮಾನ್ರು ಬದುಕಿಸ್ತಾರೆ."

ಅದರಂತೆ ರಾಯರು ಹೋಟೆಲಿನ ಹಜಾರದ ಬಾಗಿಲು ಹಾಕಿಕೊಂಡು, ಹೆಂಡತಿ ಕಿತ್ತ ಮೊಳೆಗಳನ್ನು ಅವೇ ತೂತುಗಳಿಗೆ ಮತ್ತೆ ಹೊಡೆದು ಬಂದರು. ಮೊಳೆ ಕೀಳುವ ಕಸುಬಿನವನು ಹೊಡೆಯುವ ಸ್ಥಿತಿಗೆ ಬಂದದ್ದನ್ನು ನೆನೆದು ದಾರಿಯುದ್ದಕ್ಕೂ ಅವರಿಗೆ ನಾಚಿಕೆಯಾಯಿತು. ಹೋಟೆಲಮ್ಮನಿಗೆ ಮಾತ್ರ ಹಿಗ್ಗೋ ಹಿಗ್ಗು. ಒಮ್ಮೆ ಸತ್ತು ಬದುಕಿದ ಮರ ಬೇರೆ ಯಾವ ಹೋಟೆಲಿನಲ್ಲಿದೆ?

ಮನೆಗೆ ಬಂದರೆ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ನಿದ್ದೆಗೆಟ್ಟ ಮುಖ, ಬಾಚದ ತಲೆ.

"ಸತ್ತದ್ದನ್ನ ಬದುಕಿಸ್ತೀರಂತೆ. ನಮ್ಮ ಮೇಜನ್ನೂ ಬದುಕಿಸಿ," ಅಂದರು. "ತಾತಂದು ಅಂತ ನಂಬಿಕೊಂಡು ಬದುಕಿದವನು ನಾನು. ಈಗ ಅದರ ಮುಂದೆ ಕೂತ್ರೆ ಯಾರದೋ ಮನೇಲಿ ಕೂತ ಹಾಗಾಗುತ್ತೆ. ಅದು ಕೂಗಿದ್ರೆ ಹಿತ್ತಲು ನೀವು ಇರೋ ತನಕ ನಿಮ್ಮದೇ. ಭಾನುವಾರ ತಮ್ಮನನ್ನೂ ಕರೆಸ್ತೀನಿ, ಸಾಕ್ಷಿಗೆ ಅಧಿಕಾರಿಗಳನ್ನೂ ಕರೆಸ್ತೀನಿ."

ಭಾನುವಾರ ಮೇಷ್ಟ್ರ ನಡುಮನೆಯಲ್ಲಿ ಜನವೋ ಜನ. ಒಂದು ಕಡೆ ಮೇಷ್ಟ್ರ ತಮ್ಮ ಮುಖ ಊದಿಸಿಕೊಂಡು ಕೂತಿದ್ದ, ಇನ್ನೊಂದು ಕಡೆ ಅಧಿಕಾರಿ ಮತ್ತು ಜವಾನರು. ಬದುಕಿಸುವಾಗ ಯಾರೂ ನೋಡುವಂತಿಲ್ಲವೆಂದು ರಾಯರ ಹೆಂಡತಿ ಹೇಳಿದ್ದರಿಂದ ಮೇಜನ್ನು ಒಳಕೋಣೆಯಲ್ಲಿಟ್ಟು, ಗಂಡಹೆಂಡತಿ ಇಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೆಂಡತಿ ಮೊಳೆಯ ಡಬ್ಬಿ ಬಿಚ್ಚಿ ಸುತ್ತಿಗೆ ಮುಂದೆ ಮಾಡಿದಳು. "ಅಡಿಯಿಂದ ಹೊಡೀರಿ, ಕಾಣಲ್ಲ."

ರಾಯರು ಒಂದು ಮೊಳೆ ತೆಗೆದು ಮೇಜಿನ ಕಾಲಿಗೆ ಇಟ್ಟರು. ಸುತ್ತಿಗೆ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಎಷ್ಟೋ ಕಟ್ಟಡಗಳ ಹೊಟ್ಟೆ ಬಗೆದು ನೋಡಿದ್ದ ರಾಯರಿಗೆ ಇಂಥ ಕೆಲಸ ಎಲ್ಲೂ ಕಂಡಿರಲಿಲ್ಲ. ಯಾರೋ ಒಬ್ಬ ಬಡಗಿ, ಎಷ್ಟು ದಿನ ಕೂತು, ಕಬ್ಬಿಣದ ಹಂಗೇ ಬೇಡವೆಂದು ಹಟ ಹಿಡಿದು ಮಾಡಿದ್ದು.

"ಆಗಲ್ಲ ಕಣೇ," ಅಂದರು. ಮೊಳೆಯನ್ನು ಡಬ್ಬಿಗೆ ಹಾಕಿದರು. "ಏನು ಬೇಕಾದ್ರೂ ಬೊಗಳಿದ್ದೀನಿ, ಒಪ್ಕೋತೀನಿ. ಇದಕ್ಕೆ ಮೊಳೆ ಹೊಡೆಯೋದು ನನ್ನ ಕೈಲಾಗಲ್ಲ."

"ಹಾಗಾದ್ರೆ ನಾಳೆಯಿಂದ ಕೊಡೆ."

"ಕೊಡೆನೇ ಆಗಲಿ."

ಹೆಂಡತಿ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ಮದುವೆಯಾದಾಗಿನಿಂದ ಗಂಡ ಒಂದು ಮಾತಿಗೆ ಗಟ್ಟಿಯಾಗಿ ನಿಂತದ್ದನ್ನು ಆಕೆ ನೋಡಿದ್ದು ಅವತ್ತೇ. ಡ್ರಾಯರು ಎಳೆದು, ಡಬ್ಬಿಯಲ್ಲಿದ್ದ ಮೊಳೆಗಳನ್ನೆಲ್ಲ ಒಳಗೆ ಸುರಿದು, ಡ್ರಾಯರು ಮುಚ್ಚಿ, ತೆರೆಯದ ಹಾಗೆ ಅದರ ಸಂದಿಗೆ ಮರದ ಚಕ್ಕೆ ಬಿಗಿದಳು.

ಬಾಗಿಲು ತೆರೆದರು. ಎಲ್ಲರೂ ಒಳನುಗ್ಗಿದರು. ರಾಯರು ತಟ್ಟೆಯನ್ನು ಮೇಜಿನ ಹತ್ತಿರ ತರುವಷ್ಟರಲ್ಲೇ ಮಷೀನು ಬೀದಿಯ ನಾಯಿಗಳೆಲ್ಲ ಎದ್ದು ಕೂರುವ ಹಾಗೆ ಕೂಗಿತು. ಮೇಷ್ಟ್ರು ಗೋಡೆ ಹಿಡಿದುಕೊಂಡರು. ತಮ್ಮ ಎದ್ದು ಬಂದು, "ಈಗಲಾದ್ರೂ ನಂಬ್ತೀಯೇನಣ್ಣ?" ಅಂದ. ಮೇಷ್ಟ್ರು ಅವನ ಹೆಗಲಿಗೆ ಹಣೆ ಹಚ್ಚಿ ಅತ್ತೇಬಿಟ್ಟರು. ನೋಡುತ್ತಿದ್ದ ರಾಯರ ಕಣ್ಣಲ್ಲೂ ನೀರು ಬಂತು.

ಅಧಿಕಾರಿ ಗಂಟಲು ಸರಿಮಾಡಿಕೊಂಡರು.

"ಹಾಗಾದ್ರೆ ನೂರು ದಾಟಿದೆ ಅನ್ನೋದು ಖಚಿತವಾಯ್ತು. ತೊಲೆ ಹೊರೋಕಾಗ್ತಿರಲಿಲ್ಲ, ಪಟ್ಟಿ ಕಟ್ಟಿ ಬಿಟ್ಟಿದ್ದೆ. ಇದನ್ನ ಹೊರಬಹುದು," ಅಂದು ಜವಾನರಿಗೆ ಸನ್ನೆ ಮಾಡಿದರು. ಕ್ಷಣದಲ್ಲಿ ಪಟ್ಟಿ ಬಿತ್ತು, ಅರಗು ಬಿತ್ತು, ಮೇಜು ನೆಲ ಬಿಟ್ಟು ಎದ್ದಿತು. ಡ್ರಾಯರಿನೊಳಗೆ ಗಲಗಲ ಸದ್ದಾಯಿತು.

"ಏನದು?" ಅಧಿಕಾರಿ ಕೇಳಿದರು.

"ಪ್ರಾಣ," ಅಂದಳು ರಾಯರ ಹೆಂಡತಿ. "ಈಗಷ್ಟೇ ಬಂದಿದೆ, ಇನ್ನೂ ನೆಲೆ ನಿಂತಿಲ್ಲ."

ರಾಯರು ತಡೆಯಲಾರದೆ ಮುಂದೆ ಬಂದರು. "ಸಾರ್, ನಿಲ್ಲಿ," ಎಂದು ಬಾಯಿ ತೆರೆದರು. ಡ್ರಾಯರು ತೆಗೆದು ತೋರಿಸಿದರೆ ಮೇಜು ಉಳಿಯುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರ ಮುಖ ಕಂಡಿತು. ಮೇಷ್ಟ್ರು ಬಾಗಿಲಿಗೆ ಓಡಿ, ಬೀದಿಯಲ್ಲಿ ನಿಂತವರಿಗೆಲ್ಲ ಕೈ ಬೀಸಿ ಹೇಳುತ್ತಿದ್ದರು: "ದಾರಿ ಬಿಡಿ, ದಾರಿ ಬಿಡಿ. ನಮ್ಮ ತಾತಂದೇ ಅಂತ ಪುರಸಭೆಯವರೇ ಒಪ್ಪಿ ಹೊತ್ಕೊಂಡು ಹೋಗ್ತಿದ್ದಾರೆ." ರಾಯರು ಬಾಯಿ ಮುಚ್ಚಿಕೊಂಡರು.

ಮೇಜು ಹೋದದ್ದು ಅಧಿಕಾರಿಯ ಕೋಣೆಗೆ. ಅಲ್ಲಿ ಅದರ ಮೇಲೆ ಈಗ ಅವರ ಚಹಾ ಲೋಟವಿರುತ್ತದಂತೆ. ಮೇಷ್ಟ್ರು ವಾರಕ್ಕೊಮ್ಮೆ ತಮ್ಮನ ಜೊತೆ ಹೋಗಿ ನೋಡಿ, ಹೆಮ್ಮೆಯಿಂದ ಹಿಂತಿರುಗಿ ಬರುತ್ತಾರೆ.

ಒಂದು ಸಂಜೆ ಅವರು ಹಿತ್ತಲಿಗೆ ಬಂದು, ಸ್ವಲ್ಪ ಹೊತ್ತು ಅದು ಇದು ಮಾತಾಡಿ, ಕೊನೆಗೆ ಸಂಕೋಚದಿಂದ ಹೇಳಿದರು. "ಹಿತ್ತಲು ನಿಮ್ಮದೇ, ಆ ಮಾತಿಗೆ ತಪ್ಪಲ್ಲ. ಒಂದು ಸಣ್ಣ ಉಪಕಾರ ಆಗಬೇಕಿತ್ತು. ಕೂತು ಬರೆಯೋಕೆ ಮನೇಲಿ ಈಗ ಏನೂ ಇಲ್ಲ. ಈ ಮರದಲ್ಲೇ ಒಂದು ಮೇಜು ಮಾಡಿಕೊಡ್ತೀರಾ?"

ರಾಯರು ಪೇರಿಸಿಟ್ಟದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಹಲಗೆ ಯಾವುದೋ ಅದನ್ನೇ ಎಳೆದು ಹಾಕಿದರು. ಅಳತೆ ನೋಡಿದರು, ಗೆರೆ ಎಳೆದರು, ಕಾಲುಗಳಿಗೆ ಮರ ಆರಿಸಿದರು. ಆಮೇಲೆ ಅಭ್ಯಾಸಬಲದಿಂದ ಸುತ್ತಿಗೆಗೆ ಕೈ ಹಾಕಿದರು. ಹೆಂಡತಿ ಬಂದು ಅದನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ರೀ," ಅಂದಳು, "ಎಷ್ಟು ದಿನ ಹಿಡಿದ್ರೂ ಪರವಾಗಿಲ್ಲ, ಇದಕ್ಕೆ ಒಂದೇ ಒಂದು ಮೊಳೆ ಹೊಡೀಬೇಡಿ. ಇದನ್ನೂ ಹೊತ್ಕೊಂಡು ಹೋಗ್ತಾರೆ."